ಮುಚ್ಚಳದ ಮೇಲಿನ ಕೆಂಡ

ಎಂಜಿನಿಯರಿಂಗ್ ಅರ್ಧಕ್ಕೇ ಬಿಟ್ಟು, ಗೋವಾದ ಬೇಕರಿಯೊಂದರಲ್ಲಿ ಕೆಲಸ ಕಲಿತು ಮದ್ದೂರಿಗೆ ವಾಪಸಾದಾಗ ಅಪ್ಪ ನನ್ನ ಜತೆ ಮಾತೇ ಬಿಟ್ಟಿದ್ದರು. ಕಲಿತದ್ದನ್ನು ತೋರಿಸಿಯೇ ಬಿಡೋಣವೆಂದು ಒಂದು ಭಾನುವಾರ ಬೆಬಿಂಕಾ ಮಾಡಲು ಕೂತೆ.

ಪೋರ್ಚುಗೀಸರ ಕಾಲದಿಂದಲೂ ಗೋವಾದ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಮಾಡುವ ಸಿಹಿಯಿದು. 2023ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿದೆ. ಮೊಟ್ಟೆಯ ಹಳದಿ, ತೆಂಗಿನಹಾಲು, ಸಕ್ಕರೆ, ಮೈದಾ, ತುಪ್ಪ, ಜಾಯಿಕಾಯಿ ಇದ್ದರೆ ಸಾಕು. ಎಳನೀರಿನ ಊರಲ್ಲಿ ತೆಂಗಿಗೇನು ಬರ? ಕಷ್ಟವಿರುವುದು ಬೇಯಿಸುವುದರಲ್ಲಿ. ಒಂದು ಪದರ ಬೆಂದ ಮೇಲೆ ತುಪ್ಪ ಸವರಿ ಇನ್ನೊಂದು ಹುಯ್ಯಬೇಕು. ಹೀಗೆ ಏಳು ಪದರ!

ಮನೆಯಲ್ಲಿ ಓವನ್ ಇಲ್ಲ. ಕುಕ್ಕರ್‌ನಲ್ಲಿಟ್ಟೆ. ತಳ ಸೀದು ಹೋಯಿತು, ಮೇಲೆಲ್ಲ ಹಸಿಹಸಿ. ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಅಜ್ಜಿ ಬಂದಳು.

‘ಕೆಳಗೇ ಉರಿ ಹಾಕುದ್ರೆ ಮ್ಯಾಲೆ ಹೆಂಗ್ಲಾ ಬೇಯ್ತದೆ? ಮುಚ್ಚಳದ ಮ್ಯಾಲೆ ಕೆಂಡ ಹಾಕು.’

ನಾನು ದಂಗಾದೆ. ಗೋವಾದಲ್ಲೂ ಹಿಂದೆ ಹೀಗೆ ಕೆಂಡವನ್ನು ಮೇಲಿಟ್ಟೇ ಬೆಬಿಂಕಾ ಬೇಯಿಸುತ್ತಿದ್ದರು. ಗೋವಾ ನೋಡದ ಅಜ್ಜಿಗೆ ಅದು ಗೊತ್ತಿತ್ತು!

ಹಿತ್ತಿಲಲ್ಲಿ ಒಲೆ ಹೊತ್ತಿಸಿದೆವು. ಮೂರನೇ ಪದರಕ್ಕೇ ಕೆಂಡ ಖಾಲಿ. ತಿರುಗಿ ನೋಡಿದರೆ ಅಪ್ಪ! ಒಂದು ಮಂಕರಿ ತೆಂಗಿನ ಚಿಪ್ಪು ತಂದಿಟ್ಟು, ಮಾತಾಡದೆ ಒಲೆ ಮುಂದೆ ಕೂತರು. ಏಳನೇ ಪದರ ಬೇಯುವಷ್ಟರಲ್ಲಿ ಸಂಜೆಯಾಗಿತ್ತು.

ಆರಿದ ಮೇಲೆ ಕೊಯ್ದು ಕೊಟ್ಟೆ. ಅಪ್ಪ ಒಂದು ತುಂಡು ತಿಂದರು. ಇನ್ನೊಂದು ಎತ್ತಿಕೊಂಡರು. ಎರಡು ತಿಂಗಳ ಮೇಲೆ ಮೊದಲ ಮಾತು ಬಂತು:

‘ಇದನ್ನ ಕೇಜಿಗೆ ಎಷ್ಟಕ್ಕೆ ಮಾರ್ತಾರ್ಲಾ ಮಗ?’