ಅದುರುವ ಬೆರಳಿನಲ್ಲಿ ಮೂರ್ಛೆರೋಗದ ಲೆಕ್ಕ

ಫಿಟ್ಸ್ ಬಂದವರ ಕೈಗೆ ಬೀಗದ ಕೈ ಗೊಂಚಲು ತುರುಕುವ ನಾಡಿನಲ್ಲಿ, ಮೂರ್ಛೆರೋಗವನ್ನು ಅಯಸ್ಕಾಂತದಿಂದ ಅಳೆಯುತ್ತಾರೆ ಎಂದರೆ ‘ಹಿರಿಯರು ಸುಮ್ಮನೆ ಹೇಳಿದ್ದರೇ?’ ಎನ್ನುವವರು ಎದ್ದು ಬರುತ್ತಾರೆ. ಫಿಟ್ಸ್ ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ, ಹೆಸರು ಕಬ್ಬಿಣಕ್ಕೆ ಬರುತ್ತದೆ, ಅಷ್ಟೆ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ತೋರಿಸಿದ್ದು ಬೇರೆಯೇ ಸಂಗತಿ. ತಲೆಗೆ ಆನಿಸಿದ ತಂತಿಸುರುಳಿಯಲ್ಲಿ ಕ್ಷಣಮಾತ್ರ ಭಾರೀ ಕರೆಂಟ್ ಹರಿಸಿದರೆ, ಹುಟ್ಟಿ ಅಳಿಯುವ ಕಾಂತಕ್ಷೇತ್ರ ತಲೆಬುರುಡೆ ದಾಟಿ ಮಿದುಳಿನ ಹೊರಪದರದಲ್ಲಿ ಸಣ್ಣ ವಿದ್ಯುತ್ ಎಬ್ಬಿಸುತ್ತದೆ. ಕೈಯನ್ನು ಆಳುವ ಜಾಗಕ್ಕೆ ಅದು ತಗುಲಿದರೆ ಎದುರುಬದಿಯ ಬೆರಳು ಅದುರುತ್ತದೆ.

ಟಿಎಂಎಸ್ ಎಂಬ ಈ ತಂತ್ರ ಮೂರ್ಛೆಗೆ ಮದ್ದಾಗುತ್ತದೆಯೇ ಎಂಬುದೇ ಎಲ್ಲರ ಕುತೂಹಲ. ನನಗೆ ಮದ್ದಿಗಿಂತ ಆ ಅದುರುವಿಕೆಯೇ ದೊಡ್ಡದೆನಿಸುತ್ತದೆ. ಇಇಜಿ ಮಿದುಳು ತಾನಾಗಿ ಮಾಡುವುದನ್ನು ಬರೆದುಕೊಳ್ಳುತ್ತದೆ; ಟಿಎಂಎಸ್ ಮಿದುಳನ್ನು ತಟ್ಟಿ ಉತ್ತರ ಕೇಳುತ್ತದೆ. ಎಷ್ಟು ಕಡಿಮೆ ಬಲಕ್ಕೆ ಬೆರಳು ಅದುರಿತು ಎಂಬುದು ಒಂದು ಅಳತೆ. 1993ರಲ್ಲಿ ಪ್ರಕಟವಾದ ಜೋಡಿ ಹೊಡೆತದ ಪ್ರಯೋಗ ಇನ್ನೂ ಸೊಗಸು: ಮೊದಲು ಮೆಲ್ಲಗೆ ಒಂದು, ಎರಡು-ಮೂರು ಮಿಲಿಸೆಕೆಂಡಿನಲ್ಲಿ ಜೋರಾಗಿ ಇನ್ನೊಂದು. ಆಗ ಅದುರು ಕುಗ್ಗುತ್ತದೆ. ಅಂತರವನ್ನು ಹತ್ತು-ಹದಿನೈದು ಮಿಲಿಸೆಕೆಂಡಿಗೆ ಏರಿಸಿ, ಅದೇ ಬೆರಳು ಮೊದಲಿಗಿಂತ ಜೋರಾಗಿ ಅದುರುತ್ತದೆ! ಮಿದುಳಿನ ಬ್ರೇಕು ಎಷ್ಟು ಹಿಡಿಯುತ್ತಿದೆ ಎಂಬುದು ಕೈಬೆರಳಿನಲ್ಲಿ ಕಾಣುತ್ತದೆ. 1996ರ ಜರ್ಮನ್ ಅಧ್ಯಯನವೊಂದರಲ್ಲಿ, ನರಕೋಶದ ಸೋಡಿಯಂ ಮಾರ್ಗ ತಡೆಯುವ ಮೂರ್ಛೆಯ ಗುಳಿಗೆಗಳಾದ ಕಾರ್ಬಮಜೆಪಿನ್, ಲಾಮೋಟ್ರಿಜಿನ್‌ಗಳು ಅದುರಲು ಬೇಕಾದ ಬಲವನ್ನು ಏರಿಸಿದವು. ಮಿದುಳನ್ನು ತಣಿಸುವ ಗಾಬಾ ಎಂಬ ರಾಸಾಯನಿಕವನ್ನು ಹೆಚ್ಚಿಸುವ ವಿಗಾಬಟ್ರಿನ್ ಅದನ್ನು ಮುಟ್ಟದೆ, ಜೋಡಿ ಹೊಡೆತದಲ್ಲಿ ಕಾಣುವ ಕೆರಳುವಿಕೆಯನ್ನು ತಗ್ಗಿಸಿತು. ಎರಡು ಬಗೆಯ ಗುಳಿಗೆಗೆ ಎರಡು ಬಗೆಯ ಗುರುತು!

ಈ ಹೊಡೆತ ಕೆಲವೇ ಸೆಂಟಿಮೀಟರ್ ಆಳಕ್ಕೆ ಇಳಿಯುತ್ತದೆ, ಎಷ್ಟೋ ಜನರ ಮೂರ್ಛೆಯ ಬೇರು ಅದಕ್ಕೆ ಎಟುಕದ ಹಿಪ್ಪೊಕ್ಯಾಂಪಸ್‌ನಲ್ಲಿರುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಮೆಲ್ಬರ್ನ್‌ನ ತಂಡ 2009ರಲ್ಲಿ ಕಂಡಂತೆ, ಫಿಟ್ಸ್‌ಗೆ ಮುಂಚಿನ 24 ಗಂಟೆಗಳಲ್ಲಿ ಹೊರಪದರದ ಉದ್ರೇಕ, ಎಂದರೆ ಹೊಡೆತಕ್ಕೆ ಕೆರಳುವ ಗುಣ, ಏರಿರುತ್ತದೆ, ನಂತರದ 24 ಗಂಟೆಗಳಲ್ಲಿ ತಗ್ಗಿರುತ್ತದೆ. ಕಿಡಿ ಎಲ್ಲಿಯದೇ ಇರಲಿ, ಅದರ ಕಾವು ದೂರಕ್ಕೂ ತಟ್ಟುತ್ತದೆ ಎಂದಾಯಿತು. ಪರೀಕ್ಷೆಯೇ ಫಿಟ್ಸ್ ತರಿಸೀತೆಂಬ ಭಯಕ್ಕೆ ಆಧಾರವಿದೆ, ಅಪಾಯ ಮಾತ್ರ ಸಣ್ಣದು. ಎಚ್ಚರಿಕೆಯ ನಿಯಮಗಳು 1998ರಿಂದಲೇ ಇವೆ.

ಚಿಕಿತ್ಸೆಯ ಮಾತಿಗೆ ಬಂದರೆ ನನ್ನ ಉತ್ಸಾಹ ಇಳಿಯುತ್ತದೆ. ನಿಧಾನಗತಿಯ ಸತತ ಹೊಡೆತಗಳಿಂದ 2006ರ ಒಂದು ಪ್ರಯೋಗದಲ್ಲಿ ಫಿಟ್ಸ್ ಕಡಿಮೆಯಾದವು. 2007ರ ಇಟಲಿಯ ಪ್ರಯೋಗದಲ್ಲಿ ಗಣನೀಯವಾಗಿ ತಗ್ಗಲಿಲ್ಲ. ಅಳತೆಗೂ ತೊಡಕಿದೆ: ಮಿದುಳಿನಿಂದ ಮಿದುಳಿಗೆ ಅಂಕಿ ಹೊಯ್ದಾಡುತ್ತದೆ, ಹಾಗಾಗಿ ಒಬ್ಬರನ್ನು ಅವರ ಹಿಂದಿನ ಅಳತೆಯೊಂದಿಗೇ ಹೋಲಿಸಬೇಕು. ಮೆಲ್ಬರ್ನ್‌ನವರು 2010ರಲ್ಲಿ ಮಾಡಿದ್ದು ಅದನ್ನೇ. ಗುಳಿಗೆ ಶುರುಮಾಡಿದ ಕೆಲವು ವಾರಗಳಲ್ಲಿ ಯಾರ ಉದ್ರೇಕ ಇಳಿಯಿತೋ ಅವರ ಫಿಟ್ಸ್ ಹತೋಟಿಗೆ ಬಂತು, ಇಳಿಯದವರದ್ದು ಬರಲಿಲ್ಲ. ಇಂದು ಗುಳಿಗೆ ನಾಟಿತೋ ಇಲ್ಲವೋ ತಿಳಿಯಲು ಮತ್ತೊಮ್ಮೆ ಬೀಳುವವರೆಗೆ ಕಾಯಬೇಕಾಗಿದೆ.