ಐದು ಡಾಲರಿನ ಬಾಗಿಲು

ಬೆಳಗಾವಿಯ ಶಹಾಪುರ, ಖಾಸಬಾಗ, ವಡಗಾವಿಗಳ ಓಣಿಗಳಲ್ಲಿ ಮಗ್ಗವು ನೇಕಾರನ ಮನೆಯೊಳಗೇ ಇರುತ್ತದೆ. ಹಾಸು ಹೂಡುವವನೂ, ಎಳೆ ಕಡಿದಾಗ ಗಂಟು ಹಾಕುವವನೂ ಅವನೇ. ಆದರೆ ನೂಲು ಸಾವಕಾರನದಾಗಿ ಕೂಲಿ ಮಾತ್ರ ನೇಕಾರನದಾದ ಪಕ್ಷದಲ್ಲಿ, ಆ ಸೀರೆ ಎಷ್ಟಕ್ಕೆ ಮಾರಬೇಕು, ಯಾರ ಕೈ ಸೇರಬೇಕು ಎಂಬ ನಿರ್ಣಯವು ನೆಯ್ದವನ ಹೊಸ್ತಿಲು ದಾಟಿದ ಕೂಡಲೇ ಪರಾಧೀನವಾಗಿಬಿಡುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಧ್ವನಿಮುದ್ರಿಕೆಗಳನ್ನು ನಂಬಿ ಬದುಕಿದ ಬಹುಮಂದಿ ಸಂಗೀತಗಾರರ ಸ್ಥಿತಿಯೂ ಇದೇ ಆಗಿತ್ತು. ಆ ಸ್ಥಿತಿಯನ್ನು ಒಪ್ಪದೆ, ತನ್ನ ಹಾಡಿಗೆ ತಾನೇ ಬೆಲೆ ಕಟ್ಟಿ, ತಾನೇ ಊರೂರಿಗೆ ಹೊತ್ತು ನಡೆದು, ಹದಿನೈದು ವರ್ಷ ಯಾವ ದೊಡ್ಡ ಕಂಪನಿಗೂ ತಲೆಬಾಗದೆ ಬಾಳಿದ ಫುಗಾಜಿ ಎಂಬ ಪಂಕ್ ರಾಕ್ ತಂಡವನ್ನು ಕನ್ನಡದ ವಾಚಕರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಪಂಕ್ ಎಂಬ ಪ್ರಕಾರವು 1970ರ ದಶಕದ ಮಧ್ಯಭಾಗದಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ ನಗರಗಳಲ್ಲಿ ತಲೆಯೆತ್ತಿತು. ಹಾಡು ಚಿಕ್ಕದು, ಗತಿ ತೀವ್ರ, ಗಿಟಾರಿನ ಸ್ವರಮೇಳಗಳು ಮೂರೋ ನಾಲ್ಕೋ. ದೀರ್ಘಕಾಲದ ಅಭ್ಯಾಸವಿಲ್ಲದವನೂ ಹೇಳಬೇಕಾದ ಮಾತೊಂದಿದ್ದರೆ ವೇದಿಕೆ ಏರಬಹುದೆಂಬುದು ಅದರ ಮೂಲಭೂತ ನಂಬಿಕೆ. ಆದರೆ ಬಂಡಾಯವೂ ಬಹುಬೇಗ ವಿಕ್ರಯದ ವಸ್ತುವಾಯಿತು. ಲಂಡನ್ನಿನ ಸೆಕ್ಸ್ ಪಿಸ್ಟಲ್ಸ್ ತಂಡವು 1976ರ ಅಕ್ಟೋಬರಿನಿಂದ 1977ರ ಮೇ ತಿಂಗಳೊಳಗಾಗಿ ಒಂದಾದ ಮೇಲೊಂದರಂತೆ ಮೂರು ಕಂಪನಿಗಳೊಡನೆ ಕರಾರು ಮಾಡಿಕೊಂಡಿತು. ಪಂಕ್ ಸಂಗೀತದ ನಿಜವಾದ ಸತ್ತ್ವವು ಕೂಗಿನಲ್ಲಿಲ್ಲ, ಲೆಕ್ಕದ ಪುಸ್ತಕದಲ್ಲಿದೆ ಎಂದು ನಾನು ತಿಳಿದಿರುವುದು ಈ ಕಾರಣದಿಂದಲೇ.

ವಾಷಿಂಗ್ಟನ್ನಿನ ಹುಡುಗರು ಆ ಲೆಕ್ಕವನ್ನು ಬೇರೆ ರೀತಿಯಲ್ಲಿ ಬರೆದರು. 1980ರಲ್ಲಿ ಟೀನ್ ಐಡಲ್ಸ್ ಎಂಬ ಎಳೆಯರ ತಂಡವೊಂದು ಚದುರಿದಾಗ, ಗೋಷ್ಠಿಗಳಿಂದ ಕೂಡಿಟ್ಟಿದ್ದ ಸುಮಾರು 600 ಡಾಲರುಗಳನ್ನು ಹಂಚಿಕೊಳ್ಳದೆ, ತಮ್ಮ ಹಾಡುಗಳ ಚಿಕ್ಕದೊಂದು ಗಾನತಟ್ಟೆಯನ್ನು ತಾವೇ ಅಚ್ಚು ಹಾಕಿಸಲು ನಿಶ್ಚಯಿಸಿದರು. ಹೊದಿಕೆ ಮಾಡುವ ಬಗೆ ತಿಳಿಯದಿದ್ದುದರಿಂದ, ಅಂಗಡಿಯಿಂದ ತಂದ ತಟ್ಟೆಯೊಂದರ ಹೊದಿಕೆಯನ್ನು ಬಿಚ್ಚಿ ಹರಡಿ, ಅದರ ಆಕಾರವನ್ನು ಗೆರೆಯೆಳೆದುಕೊಂಡು, ಸಾವಿರ ಪ್ರತಿಗಳಿಗೂ ಕಾಗದವನ್ನು ಕತ್ತರಿಯಿಂದ ಕತ್ತರಿಸಿ, ಮಡಿಸಿ, ಅಂಟು ಹಚ್ಚಿದರು. ಹೀಗೆ ಹುಟ್ಟಿದ್ದು ಡಿಸ್ಕಾರ್ಡ್ ಎಂಬ ಪ್ರಕಾಶನ. ಅದನ್ನು ಕಟ್ಟಿದವರಲ್ಲಿ ಮುಖ್ಯನಾದ ಇಯನ್ ಮೆಕೈಗೆ ಆಗ ಹದಿನೆಂಟು ವರ್ಷ. ತಮ್ಮ ಊರಿನ ತಂಡಗಳ ಹಾಡುಗಳನ್ನಷ್ಟೇ ಪ್ರಕಟಿಸುವುದು, ಲಿಖಿತ ಕರಾರಿಲ್ಲದೆ ಮಾತಿನ ಮೇಲೆ ನಡೆಯುವುದು, ಲಾಭವನ್ನು ತಂಡದೊಡನೆ ಸಮಪಾಲು ಮಾಡಿಕೊಳ್ಳುವುದು ಈ ಸಂಸ್ಥೆಯ ಪದ್ಧತಿಯಾಯಿತು. ವ್ಯಾಪಾರಿ ಮನಬಂದಂತೆ ಏರಿಸದಂತೆ ಟಪಾಲು ವೆಚ್ಚವನ್ನೂ ಒಳಗೊಂಡ ಬೆಲೆಯನ್ನು ಹೊದಿಕೆಯ ಮೇಲೆಯೇ ಮುದ್ರಿಸುತ್ತಿದ್ದರು.

ಇದನ್ನು ಓದುವಾಗ, ತಾವೇ ಬರೆದು, ತಾವೇ ಅಚ್ಚು ಹಾಕಿಸಿ, ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದ ನಮ್ಮ ಗಳಗನಾಥರು ನೆನಪಿಗೆ ಬಾರದೆ ಇರುವುದಿಲ್ಲ. ಆ ಪರಿಶ್ರಮದ ಫಲವಾಗಿಯೇ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕನ್ನಡ ಕಾದಂಬರಿಗೆ ಓದುಗರು ಹುಟ್ಟಿಕೊಂಡರು. ನಮ್ಮ ಕಾಲದಲ್ಲಿ, ಚಲನಚಿತ್ರದ ಆಶ್ರಯವಿಲ್ಲದೆ ಸ್ವಂತ ಹಾಡುಗಳನ್ನೇ ನೆಚ್ಚಿಕೊಂಡ ತಂಡಗಳು ಬೆಂಗಳೂರಿನಲ್ಲಿ ಇಲ್ಲದಿಲ್ಲ. 1996ರಲ್ಲಿ ಆರಂಭವಾದ ಥರ್ಮಲ್ ಅಂಡ್ ಎ ಕ್ವಾರ್ಟರ್, 2002ರಲ್ಲಿ ಆರಂಭವಾದ ಸ್ವರಾತ್ಮ ಇವೆರಡನ್ನು ಹೆಸರಿಸಬಹುದು. ಅವುಗಳ ಸಂಗೀತ ಬೇರೆ ಜಾತಿಯದಾದರೂ, ಅವು ನಡೆಯುವ ದಾರಿಯ ಕಷ್ಟವನ್ನು ಬಲ್ಲವರಿಗೆ ಫುಗಾಜಿಯ ವೃತ್ತಾಂತವು ಅಪರಿಚಿತವೆನಿಸದು.

ಫುಗಾಜಿಯ ಪ್ರಥಮ ಗೋಷ್ಠಿ ವಾಷಿಂಗ್ಟನ್ನಿನ ವಿಲ್ಸನ್ ಸೆಂಟರಿನಲ್ಲಿ 1987ರ ಸೆಪ್ಟೆಂಬರ್ 3ರಂದು ನಡೆಯಿತು. ಮೆಕೈ ಗಿಟಾರ್ ಮತ್ತು ಗಾಯನ, ಜೋ ಲ್ಯಾಲಿ ಬೇಸ್ ಗಿಟಾರ್, ಬ್ರೆಂಡನ್ ಕ್ಯಾಂಟಿ ಡ್ರಮ್ಸ್. ಸ್ವಲ್ಪ ಕಾಲದಲ್ಲೇ ಗೀ ಪಿಚಿಯೊಟೊ ಗಾಯಕನಾಗಿ ಬಂದು ಸೇರಿ, ತರುವಾಯ ಎರಡನೆಯ ಗಿಟಾರನ್ನೂ ಕೈಗೆತ್ತಿಕೊಂಡ. ಈ ನಾಲ್ವರು ಕಡೆಯವರೆಗೂ ಬೇರ್ಪಡಲಿಲ್ಲ. ಅವರ ನಿಯಮಗಳು ನಿಷ್ಠುರವಾಗಿದ್ದವು. ಪ್ರವೇಶಧನ ಸಾಮಾನ್ಯವಾಗಿ ಐದು ಡಾಲರು, ವಯಸ್ಸಿನ ನಿರ್ಬಂಧವಿಲ್ಲ. ಮದ್ಯ ಮಾರುವ ಅಮೆರಿಕದ ಕ್ಲಬ್ಬುಗಳಲ್ಲಿ ಇಪ್ಪತ್ತೊಂದು ತುಂಬದವರಿಗೆ ಅನೇಕ ವೇಳೆ ಪ್ರವೇಶವಿರದ ಕಾರಣ, ಈ ಎರಡನೆಯ ನಿಯಮವನ್ನು ಪಾಲಿಸಬೇಕಾದರೆ ಚರ್ಚುಗಳ ಸಭಾಂಗಣಗಳನ್ನೂ ವ್ಯಾಯಾಮಶಾಲೆಗಳನ್ನೂ ಹುಡುಕಿಕೊಂಡು ಹೋಗಬೇಕಾಗುತ್ತಿತ್ತು. ವ್ಯವಸ್ಥಾಪಕನೆಂಬವನಿಲ್ಲ, ಗೋಷ್ಠಿಗಳನ್ನು ಗೊತ್ತುಮಾಡುವ ಮಾತುಕತೆಗಳನ್ನೆಲ್ಲ ಮೆಕೈ ತಾನೇ ದೂರವಾಣಿಯಲ್ಲಿ ನಡೆಸುತ್ತಿದ್ದ. ತಂಡದ ಹೆಸರಿನ ಅಂಗಿಗಳನ್ನು ಮಾರುವುದು ಸರ್ವಥಾ ಇಲ್ಲ.

ಶ್ರೋತೃಗಳ ವಿಷಯದಲ್ಲೂ ಅವರು ಅಷ್ಟೇ ಎಚ್ಚರದವರು. ಉನ್ಮಾದದಿಂದ ನೂಕಾಡಿ ಪಕ್ಕದವರಿಗೆ ಪೆಟ್ಟು ಮಾಡುವವರನ್ನು ಕಂಡರೆ ಹಾಡನ್ನು ಅರ್ಧಕ್ಕೇ ನಿಲ್ಲಿಸಿ, ಸಮಾಧಾನದಿಂದ ಹೇಳಿ ನೋಡಿ, ಕೇಳದಿದ್ದವನಿಗೆ ಅವನ ಐದು ಡಾಲರನ್ನು ಲಕೋಟೆಯಲ್ಲಿಟ್ಟು ಹಿಂದಿರುಗಿಸಿ ಹೊರಗೆ ಕಳುಹಿಸುತ್ತಿದ್ದರು. ಹೆಣ್ಣುಮಕ್ಕಳೂ ಎಳೆಯರೂ ವೇದಿಕೆಯ ಮುಂದೆ ನಿರ್ಭಯವಾಗಿ ನಿಲ್ಲುವಂತಾಗಬೇಕೆಂಬ ಈ ಕಾಳಜಿ, ನನ್ನ ದೃಷ್ಟಿಯಲ್ಲಿ, ಅವರ ಯಾವ ಧ್ವನಿಮುದ್ರಿಕೆಗೂ ಕಡಿಮೆಯದಲ್ಲ.

ಖ್ಯಾಲು ಕೇಳಿ ಬೆಳೆದ ಬೆಳಗಾವಿಯ ಕಿವಿಗೆ ಈ ಸಂಗೀತ ಮೊದಲು ಬರಿಯ ಗದ್ದಲವೆಂದು ತೋರಬಹುದು. ತಾಳ್ಮೆಯಿಂದ ಕುಳಿತರೆ, ಜಮೈಕಾದ ರೆಗೆ ಸಂಗೀತದಿಂದ ಕಲಿತ ಲ್ಯಾಲಿಯ ಮಂದ್ರಗತಿಯೂ, ಅದರ ಮೇಲೆ ಎರಡು ಗಿಟಾರುಗಳು ನಡೆಸುವ ವಾದ–ಪ್ರತಿವಾದವೂ, ಅಬ್ಬರದ ನಡುವೆ ಥಟ್ಟನೆ ಬಂದು ನಿಲ್ಲುವ ಮೌನಗಳೂ ಒಂದೊಂದಾಗಿ ಗೋಚರಿಸತೊಡಗುತ್ತವೆ. ಹಾಡುಗಳ ಅನುಕ್ರಮವನ್ನು ಅವರು ಮೊದಲೇ ಗೊತ್ತುಮಾಡಿಕೊಳ್ಳುತ್ತಿರಲಿಲ್ಲ. ಒಬ್ಬನು ಎತ್ತಿದ ಸ್ವರದ ಜಾಡನ್ನು ಉಳಿದವರು ಹಿಡಿಯುತ್ತಿದ್ದರು.

1990ರ ಅವರ ಧ್ವನಿಮುದ್ರಿಕೆ ‘ರಿಪೀಟರ್’ ಲಕ್ಷಗಟ್ಟಲೆ ಪ್ರತಿಗಳಲ್ಲಿ ಹರಡಿತು. ಮರುವರ್ಷ ನಿರ್ವಾಣ ತಂಡದ ‘ನೆವರ್‌ಮೈಂಡ್’ ದಿಗ್ವಿಜಯ ಸಾಧಿಸಿದ ತರುವಾಯ ದೊಡ್ಡ ಕಂಪನಿಗಳು ಇಂಥ ತಂಡಗಳ ಬೆನ್ನು ಹತ್ತಿದವು. ಅಟ್ಲಾಂಟಿಕ್ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಅಹ್ಮತ್ ಎರ್ಟೆಗನ್ ಸ್ವತಃ ಬಂದು ಆಹ್ವಾನಿಸಿದರೂ ಫುಗಾಜಿ ಒಪ್ಪಲಿಲ್ಲ. ಮದ್ಯ ಮತ್ತು ತಂಬಾಕಿನ ಜಾಹೀರಾತುಗಳನ್ನು ಹಾಕುವ ಪತ್ರಿಕೆಯೆಂದು ರೋಲಿಂಗ್ ಸ್ಟೋನಿಗೆ ಸಂದರ್ಶನವನ್ನೂ ಕೊಡಲಿಲ್ಲ. ಆದರೆ 1991ರ ಜನವರಿ 12ರಂದು, ಕೊಲ್ಲಿ ಯುದ್ಧ ಕೆಲವೇ ದಿನಗಳ ದೂರದಲ್ಲಿದ್ದಾಗ, ಶ್ವೇತಭವನದ ಎದುರಿನ ಲಫಾಯೆಟ್ ಉದ್ಯಾನದಲ್ಲಿ ಕೊರೆಯುವ ಚಳಿಯಲ್ಲಿ ಯುದ್ಧವಿರೋಧಿಯಾಗಿ ಹಾಡಿದರು.

ಸಾವಿರಕ್ಕೂ ಮಿಕ್ಕಿ ಗೋಷ್ಠಿಗಳನ್ನು ನಡೆಸಿ, ಅಮೆರಿಕದ ಐವತ್ತೂ ರಾಜ್ಯಗಳನ್ನು ಸುತ್ತಿ, 2001ರಲ್ಲಿ ‘ದಿ ಆರ್ಗ್ಯುಮೆಂಟ್’ ಪ್ರಕಟಿಸಿದ ಬಳಿಕ, 2002ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಅವರು ಕಡೆಯ ಬಾರಿ ಒಟ್ಟಿಗೆ ನುಡಿಸಿದರು. ಕಲಹವಾಗಲಿ ಅಧಿಕೃತ ವಿದಾಯವಾಗಲಿ ಇರಲಿಲ್ಲ. ಸಂಸಾರ, ಮಕ್ಕಳು, ವೃದ್ಧ ತಂದೆತಾಯಿಗಳು ಎಂಬ ಕರ್ತವ್ಯಗಳು ಮುಂದೆ ಬಂದಾಗ ದೀರ್ಘ ಪ್ರವಾಸಗಳು ನಿಂತುಹೋದವು. ಮುದ್ರಿಸಿಟ್ಟುಕೊಂಡಿದ್ದ 800ಕ್ಕೂ ಹೆಚ್ಚು ಗೋಷ್ಠಿಗಳನ್ನು 2011ರ ಡಿಸೆಂಬರಿನಿಂದ ಅಂತರಜಾಲದಲ್ಲಿ ಸಾರ್ವಜನಿಕರಿಗೆ ತೆರೆದಾಗಲೂ ಸೂಚಿಸಿದ ಬೆಲೆ ಐದೇ ಡಾಲರು; ಶಕ್ತಿಯಿಲ್ಲದವನು ಒಂದು ಡಾಲರು ಕೊಟ್ಟರೂ ಸಲ್ಲುತ್ತಿತ್ತು. ಮೆಕೈ ಮತ್ತು ಲ್ಯಾಲಿ ಅನಂತರ ಏಮಿ ಫರೀನಾ ಎಂಬ ಸಂಗೀತಗಾರ್ತಿಯೊಡನೆ ಕೊರಿಕಿ ಎಂಬ ತಂಡವನ್ನು ಕಟ್ಟಿದರು. 2020ರಲ್ಲಿ ಅದರ ಧ್ವನಿಮುದ್ರಿಕೆ ಬಂದದ್ದೂ ಡಿಸ್ಕಾರ್ಡಿನಿಂದಲೇ. ಹೊಸದಾಗಿ ಕೇಳಬಯಸುವವರು ‘ರಿಪೀಟರ್’ನಿಂದ ಆರಂಭಿಸುವುದು ರೂಢಿ, ಮೃದುವಾದ ಪ್ರವೇಶ ಬೇಕೆನ್ನುವವರಿಗೆ ‘ದಿ ಆರ್ಗ್ಯುಮೆಂಟ್’ ಮೊದಲು ಎಂಬುದು ನನ್ನ ಸಲಹೆ.