ಹೃದಯ ಕಸಿಗೆ ಮೊದಲು ಲಿವರ್ ಪರೀಕ್ಷೆ

ಹೃದಯ ಕಸಿ ಎಂದರೆ ಎಲ್ಲರ ಗಮನವೂ ಹೋಗುವುದು ಶಸ್ತ್ರಚಿಕಿತ್ಸೆಯ ಕಡೆಗೆ. ಆದರೆ ರೋಗಿಗೆ ಬಹುಕಾಲದಿಂದ ಹೆಪಟೈಟಿಸ್ ಬಿ ಅಥವಾ ಸಿ ವೈರಸ್ ಸೋಂಕು ಇದ್ದರೆ, ವೈದ್ಯರ ಕೌಶಲ ಅದಕ್ಕೂ ಮೊದಲೇ ಒರೆಗೆ ಹತ್ತುತ್ತದೆ. ನನಗೆ ಹೆಚ್ಚು ಬೆರಗು ಹುಟ್ಟಿಸುವುದು ಈ ಭಾಗವೇ.

ಲಿವರ್ ಕೆಟ್ಟಿದ್ದು ವೈರಸ್ಸಿನಿಂದಲೋ, ಸೋತ ಹೃದಯದಿಂದಲೋ? ತೂಬು ಕಟ್ಟಿಕೊಂಡರೆ ನೀರು ಹಿಂದೆ ನಿಲ್ಲುವಂತೆ, ಹೃದಯ ದುರ್ಬಲವಾದಾಗ ರಕ್ತ ಲಿವರಿನಲ್ಲಿ ಮಡುಗಟ್ಟುತ್ತದೆ. ಹಾಗೆ ಬಿಗಿದ ಲಿವರ್, ಒಳಗೆ ಕಲೆಗಟ್ಟಿರದಿದ್ದರೂ, ಲಿವರಿನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್‌ನಲ್ಲಿ ಗಡುಸಾಗಿ ಕಾಣುತ್ತದೆ. ಯಂತ್ರದ ಅಂಕಿಯನ್ನಷ್ಟೇ ನಂಬಿದರೆ ಕಸಿಗೆ ಅರ್ಹನಾದವನೂ ಪಟ್ಟಿಯಿಂದ ಹೊರಬಿದ್ದಾನು. ಆದ್ದರಿಂದ ಕತ್ತಿನ ಅಭಿಧಮನಿಯ ಮೂಲಕ ಸಣ್ಣ ಕೊಳವೆ ಇಳಿಸಿ, ಲಿವರಿನ ರಕ್ತನಾಳಗಳ ಒತ್ತಡ ಅಳೆದು, ಅಂಗಾಂಶದ ಎಳೆಯೊಂದನ್ನು ತೆಗೆದು ನೋಡುತ್ತಾರೆ. ರಕ್ತ ಮಡುಗಟ್ಟಿದ ಹಾನಿ ಲಿವರಿನ ಪ್ರತಿ ಸಣ್ಣ ಘಟಕದ ನಡುವಿನ ಅಭಿಧಮನಿಯ ಸುತ್ತ ಆರಂಭವಾಗುತ್ತದೆ. ವೈರಸ್ಸಿನದು ಸಾಮಾನ್ಯವಾಗಿ ಘಟಕದ ಅಂಚಿನಲ್ಲಿ. ಕಲೆಗಟ್ಟುವಿಕೆ ಸಿರೋಸಿಸ್ ಆಗಿ ಬಲಿತಿದ್ದರೆ ಹೃದಯವೊಂದನ್ನೇ ಬದಲಿಸುವುದು ಅಪಾಯ. ಕೆಲವರಿಗೆ ಲಿವರನ್ನೂ ಜೊತೆಗೇ ಕಸಿ ಮಾಡಬೇಕಾಗುತ್ತದೆ.

ಹೊಸ ಹೃದಯವನ್ನು ದೇಹ ತಿರಸ್ಕರಿಸದಿರಲೆಂದು ರೋಗನಿರೋಧಕ ಶಕ್ತಿಯನ್ನು ತಗ್ಗಿಸಬೇಕು. ತಗ್ಗಿಸಿದರೆ ವೈರಸ್ ಹೆಡೆಯೆತ್ತುತ್ತದೆ. ಹೆಪಟೈಟಿಸ್ ಬಿ ವೈರಸ್ ಲಿವರ್ ಕೋಶಗಳ ಕೇಂದ್ರದಲ್ಲಿ ಡಿಎನ್ಎ ಉಂಗುರವಾಗಿ ಉಳಿದುಬಿಡುತ್ತದೆ. ಎಂಟೆಕಾವಿರ್, ಟೆನೋಫೋವಿರ್ ಮಾತ್ರೆಗಳು ಅದರ ವೃದ್ಧಿಯನ್ನು ತಡೆಯುತ್ತವೆಯೇ ಹೊರತು ಉಂಗುರವನ್ನು ಅಳಿಸಲಾರವು.

ಹೆಪಟೈಟಿಸ್ ಸಿ ಹಾಗಲ್ಲ, ಅದನ್ನು ಪೂರ್ತಿ ವಾಸಿ ಮಾಡಬಹುದು. ಹಿಂದೆ ಇದ್ದ ಔಷಧಿ ಇಂಟರ್ಫೆರಾನ್ ಹೊಸ ಹೃದಯದ ಮೇಲೆಯೇ ದೇಹವನ್ನು ಎತ್ತಿಕಟ್ಟುವ ಭಯವಿತ್ತು. 2013ರ ಕೊನೆಯಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೋಫೋಸ್ಬುವಿರ್ ಮಾತ್ರೆ ಆ ಭಯ ನೀಗಿಸುವ ದಾರಿ ತೆರೆಯಿತು. ಆದರೂ ಎಚ್ಚರ ತಪ್ಪುವಂತಿಲ್ಲ: ಹೃದಯ ಬಡಿತ ಸರಿಪಡಿಸುವ ಅಮಿಯೋಡರೋನ್ ಜೊತೆ ಅದು ಸೇರಿದರೆ ಬಡಿತ ಅಪಾಯಕರವಾಗಿ ನಿಧಾನವಾಗಬಹುದು. ಅಮಿಯೋಡರೋನ್ ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ದೇಹದಲ್ಲಿ ಇರುತ್ತದೆ.

ಬಾಸ್ಟನ್ನಿನ ವೈದ್ಯರು ಇನ್ನೂ ಮುಂದೆ ಹೋದರು. ಹೆಪಟೈಟಿಸ್ ಸಿ ಸೋಂಕಿದ್ದ ದಾನಿಗಳ ಹೃದಯ, ಶ್ವಾಸಕೋಶಗಳನ್ನು ಸೋಂಕಿಲ್ಲದವರಿಗೆ ಜೋಡಿಸಿ, ಕೆಲವೇ ಗಂಟೆಗಳಲ್ಲಿ ಮಾತ್ರೆ ಆರಂಭಿಸಿ, ನಾಲ್ಕೇ ವಾರ ಕೊಟ್ಟರು. 2019ರಲ್ಲಿ ಪ್ರಕಟವಾದ ವರದಿಯಂತೆ, ಆರು ತಿಂಗಳು ಪೂರೈಸಿದ ಮೊದಲ 35 ಮಂದಿಯೂ ಬದುಕಿದ್ದರು. ಯಾರ ರಕ್ತದಲ್ಲೂ ವೈರಸ್ ಇರಲಿಲ್ಲ.

ಆದರೆ ಹೆಪಟೈಟಿಸ್ ಬಿ ಹೀಗೆ ಅಳಿಯುವುದಿಲ್ಲ: ಅದು ಇದ್ದು ಕಸಿ ಮಾಡಿಸಿಕೊಂಡವರು ನಿಮ್ಮ ಮನೆಯಲ್ಲಿದ್ದರೆ, ರಕ್ತಪರೀಕ್ಷೆ ಎಷ್ಟೇ ಚೆನ್ನಾಗಿ ಬಂದಿರಲಿ, ವೈದ್ಯರನ್ನು ಕೇಳದೆ ಆ ವೈರಸ್ಸನ್ನು ತಡೆಯುವ ಮಾತ್ರೆಯನ್ನು ಒಂದು ದಿನವೂ ಬಿಡಲು ಬಿಡಬೇಡಿ.